ಬಂಗುಡೆಗೆ ಮಾತು ಬರಬೇಕೇ?

ಪ್ರಶ್ನೆ: ನಾನು ಮಲ್ಪೆ ಸಮೀಪದ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗಾಗಿ 48 ಪುಟಗಳ ಗ್ರಾಫಿಕ್ ಕಾದಂಬರಿಯೊಂದನ್ನು ಬರೆದು, ಚಿತ್ರಗಳನ್ನೂ ನಾನೇ ಬಿಡಿಸಿದ್ದೇನೆ. ನಾಯಕಿ ಪೂರ್ವಿಗೆ ಹತ್ತು ವರ್ಷ, ಸೂಪರ್‌ಹೀರೋ ಆಗಿಯೇ ತೀರಬೇಕೆಂಬ ಹಠ. ಅವಳ ಬೆಕ್ಕಿನ ಹೆಸರು ಬಂಗುಡೆ. ಎಂಟನೇ ಪುಟದಲ್ಲಿ ಸಿಡಿಲು ಬಡಿದು ಪೂರ್ವಿಗೆ ಹಾರುವ ಶಕ್ತಿ ಬರುತ್ತದೆ, ಬಂಗುಡೆಗೆ ಮಾತು ಬರುತ್ತದೆ. ಆಮೇಲೆ ಇಬ್ಬರೂ ಸೇರಿ ಕಳ್ಳರ ತಂಡವೊಂದನ್ನು ಹಿಡಿಯುತ್ತಾರೆ. ತರಗತಿಯ ಮಕ್ಕಳು ಮೊದಲ ಹತ್ತು ಪುಟಗಳನ್ನು ನಗುತ್ತಾ ಓದಿ, ನಂತರ ಪುಟ ಹಾರಿಸುತ್ತಾರೆ. ತಪ್ಪಿರುವುದು ಕಥೆಯಲ್ಲೋ ಚಿತ್ರದಲ್ಲೋ? ಮುದ್ರಣಕ್ಕೆ ಕೊಡುವ ಮೊದಲು ಏನೇನು ತಿದ್ದಬೇಕು?

ಉತ್ತರ: ನೀವು ಕಳುಹಿಸಿದ ಪುಟಗಳನ್ನೆಲ್ಲ ಓದಿದೆ. ನಿಮ್ಮ ವಿದ್ಯಾರ್ಥಿಗಳು ಒಳ್ಳೆಯ ವಿಮರ್ಶಕರು. ಕಥೆ ಎಂಟನೇ ಪುಟದಲ್ಲಿಯೇ ಮುಗಿದಿದೆ. ಒಂಬತ್ತನ್ನೂ ಹತ್ತನ್ನೂ ಅವರು ಓದಿದ್ದು ಟೀಚರ್ ಮೇಲಿನ ಪ್ರೀತಿಯಿಂದ ಇರಬೇಕು.

ಮೊದಲ ಏಳು ಪುಟಗಳನ್ನು ಮುಟ್ಟಬೇಡಿ, ಚೆನ್ನಾಗಿವೆ. ಪೂರ್ವಿ ಅಮ್ಮನ ರೈನ್‌ಕೋಟನ್ನು ಹಿಂದುಮುಂದಾಗಿ ತೊಟ್ಟು ಗುಂಡಿ ಹಾಕಲಾಗದೆ ಒದ್ದಾಡುವುದು, ಬಸ್ ನಿಲ್ದಾಣದಲ್ಲಿ ಸಿಕ್ಕಸಿಕ್ಕವರನ್ನು ‘ನಿಮಗೇನಾದರೂ ಅಪಾಯ ಇದೆಯೇ?’ ಎಂದು ಕೇಳುತ್ತಾ ಹೋಗುವುದು, ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ‘ಇದೆ, ಚಿಲ್ಲರೆ ಇಲ್ಲ’ ಎನ್ನುವುದು ಇವೆಲ್ಲ ಕಂಡು ಬರೆದ ಸಂಗತಿಗಳು. ಇಲ್ಲಿ ಪೂರ್ವಿ ಸೂಪರ್‌ಹೀರೋ ಹುದ್ದೆಯ ಉಮೇದುವಾರಳು. ಎಂಟನೇ ಪುಟದ ಸಿಡಿಲು ಅವಳನ್ನು ಏಕಾಏಕಿ ಆ ಹುದ್ದೆಯಲ್ಲಿ ಕೂರಿಸಿಬಿಡುತ್ತದೆ. ಬೇಕು ಎಂದಿದ್ದು ಸಿಕ್ಕಿತು, ಇನ್ನು ನಲವತ್ತು ಪುಟ ಅವಳು ಏನನ್ನು ಬಯಸಬೇಕು? ಕಳ್ಳರು ಸಿಕ್ಕಿಬೀಳುತ್ತಾರೆಂದು ಓದುವ ಮಗುವಿಗೆ ಮೊದಲೇ ಗೊತ್ತು, ಏಕೆಂದರೆ ಅವಳು ಹಾರುತ್ತಾಳೆ, ಕಳ್ಳರು ಹಾರುವುದಿಲ್ಲ.

ಶಕ್ತಿ ಪಡೆದವರ ಕಥೆಗಳಿಗೆ ಕೊರತೆಯೇನೂ ಇಲ್ಲ. ಅಮೆರಿಕದಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡದ್ದು 1938ರಲ್ಲಿ. 1955ರ ಹೊತ್ತಿಗೆ ಅದೇ ಲೋಕಕ್ಕೆ ಕ್ರಿಪ್ಟೋ ಎಂಬ ಹಾರುವ ನಾಯಿಯೂ ಬಂದಾಗಿತ್ತು. ಶಕ್ತಿವಂತ ಸಾಕುಪ್ರಾಣಿ ಎಂಬುದು ಅಷ್ಟು ಹಳೆಯ ಸರಕು. ದೊಡ್ಡ ಕಂಪನಿಗಳು ನೂರಾರು ಕಲಾವಿದರನ್ನಿಟ್ಟುಕೊಂಡು ಮಾಡಿದ್ದನ್ನು ಮಲ್ಪೆಯ ಒಂದು ಮೇಜಿನ ಮೇಲೆ ಮತ್ತೆ ಮಾಡುವುದರಲ್ಲಿ ಅರ್ಥವಿಲ್ಲ. ಆ ಕಂಪನಿಗಳಿಗೆ ಗೊತ್ತಿಲ್ಲದ ಮನೆ, ಗೊತ್ತಿಲ್ಲದ ಮಳೆ, ಗೊತ್ತಿಲ್ಲದ ಬೆಕ್ಕು ನಿಮ್ಮ ಬಳಿ ಇವೆ.

ಮನೆಯಿಂದಲೇ ಶುರುಮಾಡೋಣ. 14ನೇ ಪುಟದಲ್ಲಿ ಪೂರ್ವಿ ಮಾಡಿನಿಂದ ಮಾಡಿಗೆ, ಅಂದರೆ ಸೂರಿನಿಂದ ಸೂರಿಗೆ, ನೆಗೆಯುತ್ತಾ ಕಳ್ಳರನ್ನು ಬೆನ್ನಟ್ಟುತ್ತಾಳೆ. ವಿದೇಶಿ ಕಾಮಿಕ್ಸ್‌ನ ನಾಯಕರು ಹಾಗೆ ನೆಗೆಯಬಲ್ಲರು, ಅವರ ನಗರಗಳ ತಾರಸಿ ಸಪಾಟಾಗಿರುತ್ತದೆ. ನೀವು ಬರೆದಿರುವುದು ಮಂಗಳೂರು ಹೆಂಚು, ಅದೂ ಜೂನ್ ತಿಂಗಳಲ್ಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂದಿನಿಂದ ಈ ಕರಾವಳಿಯ ಮಕ್ಕಳು ಬೆಳೆದದ್ದು ಆ ಮಾಡಿನ ಕೆಳಗೇ. ಹೆಂಚನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ, ರೀಪಿನ ಮೇಲೆ ಒಂದಕ್ಕೊಂದು ಕಚ್ಚಿ ಕುಳಿತಿರುತ್ತದೆ. ಕಾಲಿಡುವ ಜಾಗ ಗೊತ್ತಿಲ್ಲದವರು ಹತ್ತಿದರೆ ಹೆಂಚು ಒಡೆಯುತ್ತದೆ, ಮಳೆಗಾಲದಲ್ಲಿ ಪಾಚಿಗೆ ಕಾಲು ಜಾರುತ್ತದೆ. ನಿಮ್ಮ ತರಗತಿಯ ಅರ್ಧದಷ್ಟು ಮಕ್ಕಳಿಗೆ ಇದು ಗೊತ್ತಿರುತ್ತದೆ. ಸುಳ್ಳು ಎಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಪುಟ ಹಾರಿಸುತ್ತಾರೆ.

ಆದರೆ ಅದೇ ಹೆಂಚಿನ ಮೇಲೆ ಬಂಗುಡೆ ಸದ್ದಿಲ್ಲದೆ ಓಡಾಡುತ್ತದೆ. ನಿಮ್ಮ ಪುಸ್ತಕದ ಯಂತ್ರ ಇಲ್ಲಿದೆ. ಪೂರ್ವಿಗೆ ಮಾಡಿನ ಮೇಲೆ ಹೋಗಲು ಆಸೆಯಿದೆ, ಸಾಧ್ಯವಿಲ್ಲ. ಬಂಗುಡೆಗೆ ಸಾಧ್ಯವಿದೆ, ಆದರೆ ಪೂರ್ವಿ ಹೇಳಿದ್ದಕ್ಕಾಗಿ ಅದು ಎಂದೂ ಹೋಗುವುದಿಲ್ಲ. ಬೆಕ್ಕು ಹೋಗುವುದು ತನಗೆ ಬೇಕಾದಾಗ. ಸೂಪರ್‌ಹೀರೋ ಆಗಬೇಕೆಂದು ಕುಣಿಯುವವಳಿಗೆ ಶಕ್ತಿಯಿಲ್ಲ, ಶಕ್ತಿಯಿರುವ ಜೀವಕ್ಕೆ ಆ ಹುದ್ದೆಯಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲ. ಈ ಜೋಡಿಯಿಂದ 48 ಪುಟ ಸಲೀಸಾಗಿ ಹುಟ್ಟುತ್ತದೆ.

ಹಾಗಾಗಿ ಬಂಗುಡೆಯ ಮಾತನ್ನು ತೆಗೆದುಹಾಕಿ, ಒಂದು ಸಾಲನ್ನೂ ಉಳಿಸಬೇಡಿ. ಮಾತಾಡುವ ಬೆಕ್ಕು ಬೆಕ್ಕಾಗಿ ಉಳಿಯುವುದಿಲ್ಲ, ರೋಮ ಹೊದ್ದ ಇನ್ನೊಬ್ಬ ಹುಡುಗನಾಗುತ್ತದೆ. ನಿಮ್ಮ ಬಂಗುಡೆಯಂತೂ ಬಾಯಿ ತೆರೆದರೆ ಬುದ್ಧಿವಾದ ಹೇಳುತ್ತಿದೆ: ‘ಪೂರ್ವಿ, ಧೈರ್ಯವೆಂದರೆ ಭಯವಿಲ್ಲದಿರುವುದಲ್ಲ.’ ಇದು ಬೆಕ್ಕಿನ ದನಿಯಲ್ಲ, ಪ್ರಾರ್ಥನೆಯ ಹೊತ್ತಿನಲ್ಲಿ ಮೈಕ್ ಹಿಡಿದವರ ದನಿ. ಮಾತು ಹೋದರೆ ಅದರ ಕೆಲಸವನ್ನೆಲ್ಲ ಚಿತ್ರ ಮಾಡಬೇಕಾಗುತ್ತದೆ, ನೀವು ಗೆಲ್ಲುವುದೂ ಅಲ್ಲಿಯೇ. ಕಿವಿ ಹಿಂದಕ್ಕೆ ಚಪ್ಪಟೆಯಾದರೆ ಹೆದರಿಕೆ ಅಥವಾ ಸಿಟ್ಟು, ಬಾಲ ಬ್ರಷ್‌ನಂತೆ ಉಬ್ಬಿದರೆ ಗಾಬರಿ, ಬಾಲ ನೇರ ಮೇಲಕ್ಕೆದ್ದು ತುದಿ ಕೊಂಚ ಬಾಗಿದ್ದರೆ ಸ್ನೇಹ, ಕಣ್ಣನ್ನು ನಿಧಾನ ಮುಚ್ಚಿ ತೆರೆದರೆ ನಂಬಿಕೆ. ಮನೆಯಲ್ಲಿ ಬೆಕ್ಕಿರುವ ಮಗು ಇದನ್ನೆಲ್ಲ ನಮಗಿಂತ ಚೆನ್ನಾಗಿ ಓದುತ್ತದೆ; ಪೂರ್ವಿಗೆ ಅರ್ಥವಾಗದ್ದು ತನಗೆ ಅರ್ಥವಾಯಿತೆಂಬ ಹೆಮ್ಮೆ ಅದಕ್ಕೆ ಸಿಗುತ್ತದೆ. ಬೆನ್ನಿನ ಪಟ್ಟೆ ನೋಡಿ ಬೆಕ್ಕಿಗೆ ಮೀನಿನ ಹೆಸರಿಟ್ಟ ನಿಮಗೆ ಇದನ್ನು ಗಮನಿಸುವ ಕಣ್ಣಿದೆ. ಅದರ ಮೈಯ ಪಟ್ಟೆಗಳನ್ನು ಒಂದು ಹಾಳೆಯಲ್ಲಿ ಮುಂದಿನಿಂದ, ಹಿಂದಿನಿಂದ, ಎರಡೂ ಬದಿಗಳಿಂದ ಬಿಡಿಸಿ ಗೋಡೆಗೆ ಅಂಟಿಸಿಕೊಳ್ಳಿ. ಈಗ 11ನೇ ಪುಟದಲ್ಲಿ ನಾಲ್ಕು ಪಟ್ಟೆ, 12ರಲ್ಲಿ ಆರು. ಮಕ್ಕಳು ಎಣಿಸುತ್ತಾರೆ.

ಎಂಟನೇ ಪುಟವನ್ನು ಹೀಗೂ ಮಾಡಬಹುದು, ನೋಡಿ. ಆರು ಚೌಕಟ್ಟು. ಒಂದು: ಅಂಗಳದಲ್ಲಿ ಮಳೆ, ಪೂರ್ವಿ ಚಾವಡಿಯಲ್ಲಿ ಕುಳಿತು ಹಳೆಯ ಬೈರಾಸಿಗೆ (ಟವೆಲ್ಲಿಗೆ) ದಾರ ಹೊಲಿಯುತ್ತಿದ್ದಾಳೆ, ಅಳತೆ ನೋಡಿದರೆ ಅದು ಅವಳಿಗಲ್ಲ. ಎರಡು: ಅವಳು ಬೈರಾಸನ್ನು ಬಂಗುಡೆಯ ಕುತ್ತಿಗೆಗೆ ಕಟ್ಟುತ್ತಾಳೆ, ಮುಖದಲ್ಲಿ ಪಟ್ಟಾಭಿಷೇಕದ ಗಾಂಭೀರ್ಯ. ಮೂರು: ಬಂಗುಡೆ ಕಲ್ಲಾಗಿ ನಿಂತಿದೆ, ಕಿವಿ ಹಿಂದಕ್ಕೆ. ನಾಲ್ಕು: ಅದೇ ಚಿತ್ರ, ಬೆಕ್ಕು ಈಗ ಒಂದು ಬದಿಗೆ ದೊಪ್ಪನೆ ಉರುಳಿದೆ. ಕುತ್ತಿಗೆಗೆ ಏನಾದರೂ ಕಟ್ಟಿದರೆ ಎಷ್ಟೋ ಬೆಕ್ಕುಗಳು ಮಾಡುವುದು ಇದನ್ನೇ. ಐದು: ಪೂರ್ವಿಯ ಮುಖವಷ್ಟೇ. ಆರು: ಬೈರಾಸು ನೆಲದಲ್ಲಿ, ಬೆಕ್ಕಿಲ್ಲ, ಮೇಲಿನಿಂದ ಒಂದು ಸದ್ದು: ‘ಟಕ್’. ಒಂದು ಮಾತೂ ಇಲ್ಲ, ಸಿಡಿಲೂ ಇಲ್ಲ. ಮೂರು ಮತ್ತು ನಾಲ್ಕನೇ ಚೌಕಟ್ಟುಗಳ ನಡುವಿನ ಬಿಳಿ ಜಾಗದಲ್ಲಿ ನಗು ಹುಟ್ಟುತ್ತದೆ, ಏಕೆಂದರೆ ಬೀಳುವುದನ್ನು ನೀವು ಬಿಡಿಸಿಲ್ಲ, ಓದುವ ಮಗುವೇ ಬೀಳಿಸಿಕೊಳ್ಳುತ್ತದೆ. ಜೊತೆಗೆ, ಬೆಕ್ಕಿನ ಕುತ್ತಿಗೆಗೆ ಬಟ್ಟೆ ಕಟ್ಟಬಾರದೆಂದು ಅಡಿಟಿಪ್ಪಣಿ ಹಾಕುವ ತೊಂದರೆಯೂ ತಪ್ಪುತ್ತದೆ.

ಕಳ್ಳರ ತಂಡವನ್ನೂ ಬಿಡಿ. ನಿಮ್ಮ ಕಥೆ ನಡೆಯುವ ತಿಂಗಳಿಗೆ ತನ್ನದೇ ಆದ ಒತ್ತಡವಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ಬೋಟಿಗೆ ಹೋಗುವ ಅಪ್ಪಂದಿರು ಮನೆಯಲ್ಲಿರುತ್ತಾರೆ, ಬೆಕ್ಕುಗಳಿಗೆ ಮೀನಿನ ಬರಗಾಲ. ಕೈ ಬಿಗಿಯಾಗಿರುವ ಮನೆ, ಬಿಡದ ಮಳೆ, ಹೋದ ಕರೆಂಟು, ಹಸಿದ ಬೆಕ್ಕು. ಇಷ್ಟಿರುವಾಗ ಕಪ್ಪು ಮುಸುಕಿನ ಖಳರು ಯಾಕೆ? (ಮಳೆಗೆ ರಜೆ ಘೋಷಿಸುವ ಜಿಲ್ಲಾಧಿಕಾರಿಯೇ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಮಕ್ಕಳ ಪಾಲಿನ ನಿಜವಾದ ಸೂಪರ್‌ಹೀರೋ ಎಂಬುದು ಬೇರೆ ಮಾತು. ಪೂರ್ವಿ ಅವರಿಗೊಂದು ಕಾಗದ ಬರೆದರೆ ಒಂದು ಪುಟದ ಹಾಸ್ಯ ಸಿಗುತ್ತದೆ.)

ಸಮಸ್ಯೆ ಚಿಕ್ಕದಿರಲಿ, ಆದರೆ ಯಾರಿಗಾದರೂ ನಿಜವಾಗಿ ನೋಯುವಂಥದ್ದಿರಲಿ. ಉದಾಹರಣೆಗೆ: ಪಕ್ಕದ ಮನೆಯ ಅಜ್ಜಿ ಕಿಟಕಿಯಲ್ಲಿಟ್ಟ ಶ್ರವಣಯಂತ್ರವನ್ನು ಕಾಗೆ ಕಚ್ಚಿಕೊಂಡು ಹೋಗಿ ಮಾಡಿನ ಮೇಲೆಲ್ಲೋ ಬೀಳಿಸಿದೆ. ಅಜ್ಜಿಗೆ ಈಗ ಮಳೆಯೂ ಕೇಳಿಸುವುದಿಲ್ಲ, ಮಗನ ಫೋನೂ ಕೇಳಿಸುವುದಿಲ್ಲ. ಪೂರ್ವಿ ಬಂಗುಡೆಗೆ ಅಪ್ಪಣೆ ಕೊಡುತ್ತಾಳೆ, ಪುಸಲಾಯಿಸುತ್ತಾಳೆ, ಒಣಮೀನಿನ ಲಂಚ ತೋರಿಸುತ್ತಾಳೆ; ಬೆಕ್ಕು ತನ್ನ ಪಾಡಿಗೆ ಹೋಗಿ ಒಂದೇ ಜಾಗದಲ್ಲಿ ಕೂರುತ್ತದೆ. ಕೊನೆಗೆ ಅವಳಿಗೆ ಹೊಳೆಯುವುದು ಇಷ್ಟು: ಹೆಂಚನ್ನು ಅಟ್ಟದ ಒಳಗಿನಿಂದ ಮೇಲಕ್ಕೆ ತಳ್ಳಿ ಸರಿಸಬಹುದು. ಸೋರುವ ಮಾಡಿಗೆ ಅಪ್ಪ ಪ್ರತಿ ವರ್ಷ ಹಾಗೆಯೇ ಮಾಡುವುದನ್ನು ಅವಳು ನೋಡಿದ್ದಾಳೆ. ಅಪ್ಪ ಏಣಿ ಹಿಡಿಯುತ್ತಾನೆ, ಬೆಕ್ಕಿನ ಹೊಟ್ಟೆಯ ಕೆಳಗಿನ ಹೆಂಚು ಏಳುತ್ತದೆ, ಶ್ರವಣಯಂತ್ರ ಅಲ್ಲೇ ಇದೆ. ಇದೇ ಆಗಬೇಕೆಂದಲ್ಲ, ಪೂರ್ವಿ ನಿಮ್ಮವಳು. ಆದರೆ ಪರಿಹಾರ ಅವಳ ಮನೆಯಿಂದ, ಅವಳು ಕಂಡಿದ್ದರಿಂದ ಬರಲಿ.

ವೇಷದ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬಿಗಿಯುಡುಪು, ಎದೆಯ ಮೇಲೊಂದು ಇಂಗ್ಲಿಷ್ ಅಕ್ಷರ ಉಡುಪಿಯಲ್ಲಿ ಬೇಕಿಲ್ಲ. ವೇಷ ಹಾಕಿದವರು ಮನೆ ಬಾಗಿಲಿಗೆ ಬರುವುದು ಇಲ್ಲಿನ ಮಕ್ಕಳಿಗೆ ಪ್ರತಿ ಕೃಷ್ಣಾಷ್ಟಮಿಯ ಅನುಭವ. ಅಷ್ಟಮಿಯ ಮರುದಿನ, ವಿಟ್ಲಪಿಂಡಿಯಂದು, ರಥಬೀದಿಯಲ್ಲಿ ಹುಲಿಯ ಪಕ್ಕದಲ್ಲೇ ರಾಕ್ಷಸನೂ ನಡೆಯುತ್ತಿರುತ್ತಾನೆ. ಕೂಲಿ ಕೆಲಸ ಮಾಡುವ ರವಿ ಕಟಪಾಡಿ ಅಷ್ಟಮಿಗೆ ಭಯಂಕರ ವೇಷಗಳನ್ನು ಧರಿಸಿ, ಸಂಗ್ರಹವಾದ ಹಣವನ್ನು ಕಾಯಿಲೆಬಿದ್ದ ಮಕ್ಕಳ ಚಿಕಿತ್ಸೆಗೆ ಕೊಡುತ್ತಾ ಬಂದಿರುವುದು ಊರಿಗೆಲ್ಲ ಗೊತ್ತಿದೆ. ವೇಷ ಹಾಕಿ ಜನರಿಗೆ ಒದಗುವ ಮನುಷ್ಯ ಎಂಬ ಕಲ್ಪನೆಗೆ ಪೂರ್ವಿ ಹೊರದೇಶವನ್ನು ನೋಡಬೇಕಾಗಿಲ್ಲ. ಒಂದು ಎಚ್ಚರಿಕೆ: 31ನೇ ಪುಟದಲ್ಲಿ ಭೂತಕೋಲದ ಅಣಿಯನ್ನು ಹೋಲುವ ಪ್ರಭಾವಳಿಯೊಂದನ್ನು ಅವಳ ಬೆನ್ನಿಗೆ ಕಟ್ಟಿದ್ದೀರಿ. ಅದನ್ನು ತೆಗೆಯಿರಿ. ಹುಲಿವೇಷ ಆಡುವ ವೇಷ, ಯಾರು ಬೇಕಾದರೂ ಹಾಕಬಹುದು. ಅಣಿ ಆರಾಧನೆಗೆ ಸೇರಿದ್ದು. ನಿಮ್ಮ ಓದುಗರ ಮನೆಗಳಲ್ಲಿ ಅದನ್ನು ನಂಬುವವರಿದ್ದಾರೆ, ಮಗುವಿನ ಆಟಕ್ಕೆ ಅದು ಸಲ್ಲದು.

ಇನ್ನು ಪುಟದ ವಿಚಾರ. ಚಿತ್ರಕಥೆಯಲ್ಲಿ ಪುಟ ತಿರುವುವುದೆಂದರೆ ತೆರೆ ಸರಿಸಿದಂತೆ. ಯಕ್ಷಗಾನದಲ್ಲಿ ಬಣ್ಣದ ವೇಷದ ತೆರೆ ಒಡ್ಡೋಲಗವನ್ನು ನೀವು ನೋಡಿರುತ್ತೀರಿ: ಇಬ್ಬರು ತೆರೆ ಹಿಡಿದಿರುತ್ತಾರೆ, ಚೆಂಡೆ ಏರುತ್ತದೆ, ಕಿರೀಟದ ತುದಿ ಕಾಣುತ್ತದೆ, ಮರೆಯಾಗುತ್ತದೆ, ತೆರೆಯ ಅಂಚಿನಲ್ಲಿ ಬೆರಳುಗಳು ಕಾಣುತ್ತವೆ, ಮುಖ ಮಾತ್ರ ಇನ್ನೂ ಇಲ್ಲ. ಎದುರಿನ ಸಾಲಿನ ಮಕ್ಕಳು ಅಷ್ಟರಲ್ಲೇ ಅಜ್ಜನ ಮಡಿಲು ಸೇರಿರುತ್ತಾರೆ. ನಿಮ್ಮ ಪುಸ್ತಕದಲ್ಲಿ ಬಲಗಡೆಯ ಪುಟದ ಕೊನೆಯ ಚೌಕಟ್ಟು ಆ ಬೆರಳುಗಳು. ತಿರುವಿದಾಗ ಕಾಣುವ ಎಡಗಡೆಯ ಪುಟದ ಮೊದಲ ಚೌಕಟ್ಟು ಮುಖ. ಈಗ ನೀವು ಬೆರಗಿನ ಚಿತ್ರಗಳನ್ನೆಲ್ಲ ಬಲಪುಟದ ನಡುವೆ ಇಟ್ಟಿದ್ದೀರಿ, ಪುಟ ತೆರೆದ ಕೂಡಲೇ ಕಣ್ಣು ಅಲ್ಲಿಗೇ ಹಾರುತ್ತದೆ, ಎಡಪುಟ ವ್ಯರ್ಥವಾಗುತ್ತದೆ. ತಿದ್ದುವುದು ಸುಲಭ: 48 ಪುಟಗಳನ್ನೂ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿ ಒಂದೇ ಡ್ರಾಯಿಂಗ್ ಹಾಳೆಯಲ್ಲಿ ಗೀಚಿ, ಜೋಡಿಜೋಡಿಯಾಗಿ ನೋಡಿ. ಎಲ್ಲಿ ಒಂದು ಪುಟ ಹೆಚ್ಚು ಬೇಕು, ಎಲ್ಲಿ ಎರಡು ಚೌಕಟ್ಟು ಹೋಗಬೇಕು ಎಂಬುದು ತಾನಾಗಿ ಕಾಣುತ್ತದೆ.

ಗೆರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಕೈ ಪಳಗಿದೆ. ಪೂರ್ವಿ ಓಡುವ ಚಿತ್ರಗಳು ಮಾತ್ರ ಬಿಗಿದುಕೊಂಡಿವೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕಲಾವಿದ ಕೆ. ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ಎದುರಿಗಿಟ್ಟುಕೊಳ್ಳಿ. ಬೆರಳೆಣಿಕೆಯ ಗೆರೆಗಳಲ್ಲಿ ಇಡೀ ಮೈ ತಿರುಗುವುದನ್ನು ನೋಡಿದರೆ ಸಾಕು.

ಮಾತಿನ ವಿಷಯದಲ್ಲಿ ಮಾತ್ರ ಜಗಳವಾಡಬೇಕಾಗಿದೆ. ನಿಮ್ಮ ಪ್ರತಿ ಚೌಕಟ್ಟಿನ ನೆತ್ತಿಯ ಮೇಲೂ ನಿರೂಪಣೆಯ ಪಟ್ಟಿಯಿದೆ: ‘ಆಗ ಪೂರ್ವಿಯು ಓಡತೊಡಗಿದಳು’, ಕೆಳಗೆ ಪೂರ್ವಿ ಓಡುತ್ತಿದ್ದಾಳೆ. ಈ ಅಭ್ಯಾಸ ಎಲ್ಲಿಂದ ಬಂತೆಂದು ಊಹಿಸಬಲ್ಲೆ, ನಾವೆಲ್ಲ ಅದನ್ನು ಓದಿಯೇ ಬೆಳೆದವರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅಮರ ಚಿತ್ರಕಥೆಯನ್ನು ಆರಂಭಿಸಿದಾಗ ಒಂದು ಪುರಾಣವನ್ನೋ ಒಬ್ಬ ರಾಜನ ಬಾಳನ್ನೋ 32 ಪುಟಗಳೊಳಗೆ ಮುಗಿಸಬೇಕಿತ್ತು, ಪಟ್ಟಿಯಿಲ್ಲದೆ ವರ್ಷಗಳನ್ನು ದಾಟಿಸುವುದು ಕಷ್ಟವಿತ್ತು. ನಿಮ್ಮದು ಮೂರು ದಿನಗಳ ಕಥೆ. ‘ಮರುದಿನ ಬೆಳಿಗ್ಗೆ’ ಎಂಬುದು ಎರಡು ಕಡೆ ಸಾಕು, ಉಳಿದ ಪಟ್ಟಿಗಳನ್ನೆಲ್ಲ ಅಳಿಸಿ.

ಮಾತಿನ ಗುಳ್ಳೆಯೊಳಗಿನ ಕನ್ನಡಕ್ಕೆ ಅದರದೇ ತಾಪತ್ರಯಗಳಿವೆ. ಇಂಗ್ಲಿಷ್ ಕಾಮಿಕ್ಸ್‌ನ ಅಕ್ಷರಗಳೆಲ್ಲ ಸಾಮಾನ್ಯವಾಗಿ ಒಂದೇ ಎತ್ತರದ ದೊಡ್ಡಕ್ಷರಗಳು, ಹಾಗಾಗಿ ಅಲ್ಲಿನ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲಕ್ಕೇರುತ್ತದೆ. ನಿಮ್ಮ 22ನೇ ಪುಟದಲ್ಲಿ ‘ಅಷ್ಟೊಂದು ಸಿಟ್ಟೇಕೆ’ ಎಂಬ ಸಾಲಿನ ಒತ್ತುಗಳು ಕೆಳಗಿನ ಸಾಲಿನ ‘ಕೀಲಿ’ಯ ತಲೆಯನ್ನು ಕುಟ್ಟುತ್ತಿವೆ. ಸಾಲಿನಿಂದ ಸಾಲಿಗೆ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಅಂತರ ಕೊಡಿ. ಅಂದರೆ ಗುಳ್ಳೆ ಅಡ್ಡಕ್ಕಿಂತ ಉದ್ದಕ್ಕೆ ಹೆಚ್ಚು ಜಾಗ ಕೇಳುತ್ತದೆ. ಅದನ್ನು ಚಿತ್ರ ಮುಗಿದ ಮೇಲೆ ತುರುಕುವುದಲ್ಲ, ಪೆನ್ಸಿಲ್ ಹಂತದಲ್ಲೇ ಮೀಸಲಿಡುವುದು. ಇನ್ನೊಂದು, ನಮ್ಮ ಪದಗಳ ಉದ್ದ. ‘ಹಾರಬೇಕೆಂದುಕೊಂಡಿದ್ದೇನೆ’ ಎಂಬ ಒಂದೇ ಪದ ಇಡೀ ಗುಳ್ಳೆಯನ್ನು ನುಂಗುತ್ತದೆ. ಹತ್ತು ವರ್ಷದ ಹುಡುಗಿ ಹಾಗೆ ಹೇಳುವುದೂ ಇಲ್ಲ. ‘ನಾನು ಹಾರಬೇಕು. ಅಷ್ಟೇ.’ ಗುಳ್ಳೆಗೆ ಹತ್ತು ಪದ ಮೀರಬಾರದೆಂದು ನಾನು ಹೊಸಬರಿಗೆ ಹೇಳುತ್ತೇನೆ. ಮೊದಲು ಮಾತಾಡುವವರ ಗುಳ್ಳೆ ಎಡಕ್ಕೆ ಮತ್ತು ಮೇಲಕ್ಕೆ ಇರಲಿ. 19ನೇ ಪುಟದಲ್ಲಿ ಅಜ್ಜಿಯ ಉತ್ತರ ಮೊದಲು ಬಂದು, ಪೂರ್ವಿಯ ಪ್ರಶ್ನೆ ಆಮೇಲೆ ಬಂದಿದೆ.

ಕೂಗಿಗೆ ದೊಡ್ಡಕ್ಷರವೆಂಬ ಅನುಕೂಲ ಕನ್ನಡಕ್ಕಿಲ್ಲ, ಆದ್ದರಿಂದ ಗಾತ್ರವನ್ನೂ ದಪ್ಪವನ್ನೂ ಬಳಸಬೇಕು. ‘ಬಲೂ ತಮ್ಮ 2’ (Baloo Tamma 2) ಎಂಬುದು ಮುಕ್ತ ಪರವಾನಗಿಯ ಯೂನಿಕೋಡ್ ಅಕ್ಷರಶೈಲಿ, ದುಂಡಗಿದೆ, ಹಲವು ದಪ್ಪಗಳಲ್ಲಿ ಸಿಗುತ್ತದೆ. ಮಕ್ಕಳ ಪುಸ್ತಕಕ್ಕೆ ಒಪ್ಪುತ್ತದೆ. ಸದ್ದುಗಳನ್ನು ಮಾತ್ರ ಕೈಯಲ್ಲೇ ಬರೆಯಿರಿ. ನೀವು ಬರೆದಿರುವ ‘ಬೂಮ್’, ‘ಕ್ರ್ಯಾಶ್’ ಯಾಕೆ? ಮಳೆ ಧೋ ಎಂದು ಸುರಿಯುತ್ತದೆ, ಹೆಂಚು ಚಟಾರನೆ ಒಡೆಯುತ್ತದೆ, ತೆಂಗಿನಕಾಯಿ ಧೊಪ್ಪನೆ ಬೀಳುತ್ತದೆ, ಬೆಕ್ಕು ಸರಕ್ಕನೆ ಮಾಯವಾಗುತ್ತದೆ. ಮನೆಯಲ್ಲಿ ತುಳು ಆಡುವ ಪೂರ್ವಿ ಸಿಟ್ಟು ಬಂದಾಗ ಒಂದೆರಡು ತುಳು ಮಾತು ಉದುರಿಸಿದರೆ ಧಾರವಾಡದ ಓದುಗರೇನೂ ಕಂಗಾಲಾಗುವುದಿಲ್ಲ, ಅವಳ ಮುಖ ನೋಡಿದರೆ ಅರ್ಥವಾಗುತ್ತದೆ. ಪ್ರತಿ ಪುಟದಲ್ಲೂ ಬೇಡ.

ಮುದ್ರಣಕ್ಕೆ ಸಂಬಂಧಿಸಿ ಕೆಲವೇ ಮಾತು. 16 ಪುಟಗಳ ಫಾರಂ ಲೆಕ್ಕದಲ್ಲಿ 48 ಪುಟ ಸರಿಯಾಗಿ ಮೂರು ಫಾರಂ, ಮಧ್ಯಕ್ಕೆ ಪಿನ್ ಹೊಡೆದರೆ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹೊಸ ಪುಟ ಸೇರಿಸುವುದಾದರೆ ನಾಲ್ಕರ ಲೆಕ್ಕದಲ್ಲಿ ಸೇರಿಸಿ. ಅಂಚಿನವರೆಗೆ ಹೋಗುವ ಚಿತ್ರಗಳನ್ನು 3 ಮಿಲಿಮೀಟರ್ ಹೊರಗೆ ಚಾಚಿ, ಗುಳ್ಳೆಗಳನ್ನು ಅಂಚಿನಿಂದ ದೂರವಿಡಿ. ಅಕ್ಷರ ಕಪ್ಪು ಶಾಯಿಯೊಂದರಲ್ಲೇ ಇರಬೇಕು. ನಾಲ್ಕು ಬಣ್ಣ ಬೆರೆತ ಕಪ್ಪಾದರೆ ಮುದ್ರಣದ ತಟ್ಟೆ ಕೂದಲೆಳೆಯಷ್ಟು ಸರಿದರೂ ಒತ್ತುಗಳು ಮಸುಕಾಗುತ್ತವೆ. ಅದೇ ಕಾರಣಕ್ಕೆ 40ನೇ ಪುಟದ ಕಡುನೀಲಿಯ ಮೇಲಿನ ಸಣ್ಣ ಬಿಳಿ ಅಕ್ಷರಗಳೂ ಬೇಡ, ಶಾಯಿ ತುಂಬಿಕೊಂಡು ‘ತ್ತ’ ಯಾವುದು ‘ತ್ಮ’ ಯಾವುದು ಎಂದು ತಿಳಿಯದಾಗುತ್ತದೆ.

ನೀವೇ ಪ್ರಕಟಿಸುವುದಾದರೆ ಪುಸ್ತಕದ ಗುರುತಿಗೆ ಬೇಕಾದ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ದಲ್ಲಾಳಿಗಳಿಗೆ ಹಣ ಕೊಡಬೇಡಿ. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದಲ್ಲಿ ಹಾಕುವ ಯೋಚನೆ ನಿಮಗಿದ್ದರೆ ಪರವಾನಗಿಯನ್ನು ಮೊದಲು ಓದಿ: ಅಲ್ಲಿ ಹಾಕಿದ ಕಥೆಯನ್ನು ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು, ಬದಲಿಸಬಹುದು, ಮಾರಲೂಬಹುದು. ಹೆಚ್ಚು ಮಕ್ಕಳಿಗೆ ತಲುಪಲು ಅದು ಒಳ್ಳೆಯ ದಾರಿ, ಆದರೆ ಬಂಗುಡೆಯ ಸರಣಿಯೊಂದನ್ನು ಮುಂದೆ ಪ್ರಕಾಶಕರಿಗೆ ಕೊಡುವ ಆಸೆಯಿದ್ದರೆ ಅಲ್ಲಿಗೆ ಬೇರೆಯೇ ಒಂದು ಚಿಕ್ಕ ಕಥೆ ಕೊಡಿ. ಈಗ ತುರ್ತಾಗಿ ಬೇಕಾಗಿರುವುದು ಬಣ್ಣವಲ್ಲ. ಎಂಟರಿಂದ ಹದಿನಾರರವರೆಗಿನ ಪುಟಗಳನ್ನು ಪೆನ್ಸಿಲ್‌ನಲ್ಲಿ ಹೊಸದಾಗಿ ಬಿಡಿಸಿ, ನಿಜವಾದ ಅಳತೆಯಲ್ಲಿ ಜೆರಾಕ್ಸ್ ಮಾಡಿ, ನಿಮ್ಮ ತರಗತಿಯನ್ನು ಬಿಟ್ಟು ಪಕ್ಕದ ತರಗತಿಯ ಮಕ್ಕಳಿಗೆ ಕೊಡಿ. ಯಾರು ಬರೆದದ್ದೆಂದು ಹೇಳಬೇಡಿ.